ಹಸಿಯಲ್ಲಿ ಹೊಂದಿದ ನೀಲಿ

"ಬುದ್ಧಿ, ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನು ಆಡಿದ್ದು ಸರಿಯೆನ್ನುವುದಕ್ಕೆ ಇನ್ನೇನು ಬೇಕು?" ಎಂದು ಚನ್ನವೀರ ಗುರುಗಳನ್ನು ಕೇಳಿದ. ಅಂದು ಅವನ ಮೊದಲ ಪ್ರವಚನ ಮುಗಿದಿತ್ತು. ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಗುರುಗಳು ನಕ್ಕರು. "ಭಲೇ! ಮೊದಲು ಕೂತುಕೋ ತಮ್ಮಾ. ಒಂದು ಗೋಡೆಯ ಕತೆ ಹೇಳುತ್ತೇನೆ," ಎಂದರು.

ಒಂದೂರಿನ ಛತ್ರದ ಗೋಡೆಯ ಮೇಲೆ ದೊಡ್ಡ ಚಿತ್ರವೊಂದಿತ್ತು. ನೀಲಿ ಆಕಾಶ, ಅದರ ತುಂಬ ಬೆಳ್ಳಕ್ಕಿಗಳು. ಬರೆದವನು ತೀರಿಹೋಗಿದ್ದ. ಅವನ ಶಿಷ್ಯೆಯಾದ ಚಿತ್ರಗಾರ್ತಿಯೊಬ್ಬಳು ಅದೇ ಊರಿನಲ್ಲಿದ್ದಳು. ಗುರುವಿನ ಕೈಕೆಲಸವೆಂದು ಅವಳಿಗೆ ಉಳಿದದ್ದು ಆ ಗೋಡೆಯೊಂದೇ. ಒಂದು ದಿನ ಪೈಪು ಸೋರುತ್ತದೆಂದು ಕೆಲಸದವರು ಬಂದು, ಆಕಾಶದ ನಟ್ಟನಡುವೆ ಮೊರದಗಲ ಒಡೆದು, ಸಿಮೆಂಟು ಮೆತ್ತಿ ಹೋದರು. ಛತ್ರದ ಯಜಮಾನರು ಚಿತ್ರಗಾರ್ತಿಯನ್ನು ಕರೆಸಿದರು. "ನೋಡಮ್ಮ, ನಾಳೆ ಮದುವೆಯ ದಿಬ್ಬಣ ಬರುತ್ತದೆ. ಸಂಜೆಯೊಳಗೆ ತೇಪೆ ಕಾಣದಂತೆ ಮಾಡಿದೆಯೋ ಸರಿ. ಕಂಡಿತೋ, ಗೋಡೆಗೆಲ್ಲ ಸುಣ್ಣ ಹೊಡೆಸಿಬಿಡುತ್ತೇನೆ," ಎಂದರು.

ಸುಣ್ಣ! ಅವಳ ಎದೆ ಧಸಕ್ಕೆಂದಿತು. ಓಡಿಹೋಗಿ ಅಕ್ರಿಲಿಕ್ ಬಣ್ಣದ ಟ್ಯೂಬುಗಳನ್ನು ತಂದಳು. ಗುರುವಿನ ನೀಲಿ ಒಂದೇ ನೀಲಿಯಲ್ಲ. ಹಸಿರಿನ ಕಡೆ ವಾಲುವ ನೀಲಿಯೊಂದು, ಕೆಂಪಿನ ಕಡೆ ವಾಲುವ ನೀಲಿಯೊಂದು, ಎರಡೂ ಕೂಡಿದ್ದು. ಆ ಲೆಕ್ಕ ಅವಳಿಗೆ ಅಂಗೈ ನೆಲ್ಲಿಕಾಯಿ. ಎರಡನ್ನೂ ಬೆರೆಸಿ, ಬಿಳಿ ಸೇರಿಸಿ, ಗೋಡೆಗೆ ಹಚ್ಚಿದಳು. ಅಬ್ಬಾ! ಎಲ್ಲಿ ಒಡೆದಿತ್ತೆಂದು ಅವಳಿಗೇ ತಿಳಿಯದಂತೆ ಕೂಡಿಕೊಂಡಿತು. ಅಡುಗೆಯವರು, ಚಪ್ಪರ ಕಟ್ಟುವವರು, ಎಲ್ಲರೂ ಓಡಿ ಬಂದರು. "ಶಹಬ್ಬಾಸ್! ಗುರುವನ್ನೇ ಮೀರಿಸಿದಳು!" ಎಂದು ಚಪ್ಪಾಳೆಯೋ ಚಪ್ಪಾಳೆ. ನಿನ್ನ ಹಾಗೆಯೇ ಅವಳಿಗೂ ಸ್ವರ್ಗಕ್ಕೆ ಮೂರೇ ಗೇಣು.

ಊಟ ಮುಗಿಸಿ ಬಂದು ನೋಡುತ್ತಾಳೆ, ಆಕಾಶದ ನಡುವೆ ಕಡುನೀಲಿಯ ಮೊರ!

ಅವಳಿಗೆ ತಿಳಿಯದ್ದೇನಲ್ಲ. ಆ ಬಣ್ಣದಲ್ಲಿ ಪುಡಿ ಬೇರೆ, ಪುಡಿಯನ್ನು ಹಿಡಿದಿಡುವ ಅಂಟು ಬೇರೆ. ಅಂಟು ಹಸಿಯಿರುವಾಗ ಹಾಲಿನಂತೆ ಬೆಳ್ಳಗಿರುತ್ತದೆ. ಆರಿದರೆ ತಿಳಿಯಾಗುತ್ತದೆ, ಆಗ ಬಣ್ಣ ಕಡುವಾಗುತ್ತದೆ. ಗುರು ಇದನ್ನು ಮೊದಲೇ ಕಲಿಸಿದ್ದ. ಅವಸರದಲ್ಲಿ ಮರೆತಿದ್ದಳು.

"ನನ್ನ ಮರೆವಿಗಿಷ್ಟು ಬೆಂಕಿ ಬೀಳ!" ಎಂದು ಮತ್ತೆ ಬೆರೆಸಿದಳು. ಈ ಸಲ ಬೇಕೆಂದೇ ಬಿಳಿ ಹೆಚ್ಚು ಹಾಕಿ, ಕಡುನೀಲಿಯ ಮೇಲೆ ಹಚ್ಚಿದಳು. ಗೋಡೆಯ ಮೇಲೆ ಪೇಲವವಾದ ಮಚ್ಚೆಯೊಂದು ಎದ್ದು ಕೂತಿತು. ಜನ ಹೌಹಾರಿದರು. "ಅಯ್ಯಯ್ಯೋ, ಕೆಡಿಸಿಬಿಟ್ಟಳು!" ಯಜಮಾನರು ಒದ್ದೆ ಬಟ್ಟೆ ಹಿಡಿದು ಒರೆಸಲು ನುಗ್ಗಿದರು. ಅರೆ ಆರಿದ ಬಣ್ಣವನ್ನು ಎಳೆದರೆ ಅದು ಗುರುವಿನ ಆಕಾಶಕ್ಕೆಲ್ಲ ಬಳಿದುಕೊಳ್ಳುತ್ತದೆ. ಅಲ್ಲಿ ಆರಿತೋ, ಯಾವ ನೀರಿಗೂ ಬಿಡುವುದಿಲ್ಲ. ಚಿತ್ರಗಾರ್ತಿ ಎರಡೂ ಕೈ ಚಾಚಿ ಗೋಡೆಗೆ ಅಡ್ಡ ನಿಂತಳು.

"ನಿಮ್ಮ ದಮ್ಮಯ್ಯ, ಮುಟ್ಟಬೇಡಿ! ಆರಲಿ ಬಿಡಿ!"

"ಇನ್ನೇನು ಆರುವುದು? ಕಣ್ಣಿಗೆ ಕಾಣುತ್ತಿಲ್ಲವೇ? ಸುಣ್ಣದವನನ್ನು ಕರೀರೋ!"

ಸುಣ್ಣದ ಬಕೆಟ್ಟೂ ಬಂತು. ಅವಳು ಕದಲಲಿಲ್ಲ. ಮುಖ ಜನರ ಕಡೆಗಿತ್ತು. ಬೆನ್ನ ಹಿಂದೆ ಬಣ್ಣ ಏನಾಗುತ್ತಿದೆಯೆಂದು ತಿರುಗಿ ನೋಡುವ ಹಾಗೂ ಇರಲಿಲ್ಲ. ಲೆಕ್ಕ ತಪ್ಪಿದ್ದರೆ? ಯಜಮಾನರು ಕೂಗುತ್ತಲೇ ಇದ್ದರು, ಇವಳು ಬೇಡುತ್ತಲೇ ಇದ್ದಳು. ಕೊನೆಗೆ ಸುಣ್ಣದವನು ಕುಂಚ ಎತ್ತಿಕೊಂಡು ಮುಂದೆ ಬಂದ. ಅವಳ ಹೆಗಲ ಮೇಲಿಂದ ಇಣುಕಿದ. ಆಚೆ ನೋಡಿದ, ಈಚೆ ನೋಡಿದ.

"ತೇಪೆ ಎಲ್ಲಿ ಸ್ವಾಮಿ?" ಎಂದು ಕೇಳಿದ.

ಅವಳು ಗಕ್ಕನೆ ತಿರುಗಿದಳು. ಬೆಳ್ಳಕ್ಕಿಗಳಿದ್ದವು, ಆಕಾಶವಿತ್ತು, ಅಷ್ಟೇ. ಖುಷಿ ತಡೆಯಲಾರದೆ ನಿಂತಲ್ಲೇ ಕುಣಿದುಬಿಟ್ಟಳು.

ಚನ್ನವೀರನೂ ಕೂತಲ್ಲಿಂದ ಎದ್ದೇಬಿಟ್ಟ. "ಗೆದ್ದಳು! ಬುದ್ಧಿ, ಆಗ ಎಷ್ಟು ಚಪ್ಪಾಳೆ ಬಿದ್ದಿರಬೇಕು!"

"ಒಂದೂ ಬೀಳಲಿಲ್ಲ ತಮ್ಮಾ," ಎಂದರು ಗುರುಗಳು, "ಎಲ್ಲಿ ನೋಡಿ ತಟ್ಟಬೇಕೆಂದು ಯಾರಿಗೂ ತಿಳಿಯಲಿಲ್ಲ."

ಚನ್ನವೀರ ನೆಲಕ್ಕೆ ಕಾಲೂರಿ ಮತ್ತೆ ಕೂತ.