ಬೆನ್ನ ಮೇಲೆ ಗರಗಸದ ಹಲ್ಲು

ಲೋಕ ಹೊಸದಾಗಿದ್ದಾಗ ಎಲ್ಲರೂ ಒಂದು ಮಾತು ನಂಬಿದ್ದರು: ಹೊಳೆಯಲ್ಲಿ ಉದ್ದಕ್ಕೆ, ಅಲ್ಲಾಡದೆ ತೇಲುವುದೆಲ್ಲ ಮರದ ದಿಮ್ಮಿ.

ಯಾರೂ ಪರೀಕ್ಷೆ ಮಾಡಿರಲಿಲ್ಲ. ಎಲ್ಲರೂ ನಂಬಿದ ಮೇಲೆ ಪರೀಕ್ಷೆ ಯಾಕೆ?

ಆ ಹೊಳೆಯ ನಡುವೆ ಒಂದು ಕುದುರು ಇತ್ತು. ಸುತ್ತಲೂ ನೀರು, ನಡುವೆ ಮರಳು, ಮರಳಿನ ಮೇಲೆ ಹುಲ್ಲು, ಕೆಲವು ಗುಡಿಸಲು. ಮರ ಒಂದೂ ಇರಲಿಲ್ಲ. ಆದರೆ ಮರ ಕೊಯ್ಯುವ ಮಿಲ್ಲು ಇತ್ತು. ಮಿಲ್ಲು ಅಂದರೆ ಒಂದು ಗುಂಡಿ, ಅದರ ಮೇಲೆ ಎರಡು ಅಡ್ಡತೊಲೆ, ಮೇಲೊಬ್ಬರು ಕೆಳಗೊಬ್ಬರು ಹಿಡಿದು ಎಳೆಯುವ ಗರಗಸ. ಮೇಲೆ ನಿಲ್ಲುವವನು ಬೀರ. ಗುಂಡಿಯಲ್ಲಿ ನಿಂತು ಹೊಟ್ಟನ್ನೆಲ್ಲ ತಲೆಗೆ ಸುರಿಸಿಕೊಳ್ಳುವವಳು ಅವನ ತಂಗಿ ಕುಪ್ಪಿ.

ಆ ವರ್ಷ ಗಾಳಿ ಓಡೋಡಿ ಬಂತು.

"ಮಳೆ ಹೊರಟಿದೆ! ದೊಡ್ಡ ಮಳೆ! ಈ ಸಲ ಕುದುರು ಮುಳುಗುತ್ತದೆ!"

ಕುದುರಿನವರು ಆಗಲೇ ದೋಣಿ ಕಟ್ಟಿದ್ದರು, ತಳದ ಹಲಗೆಯೊಂದನ್ನು ಬಿಟ್ಟು. ತಳವಿಲ್ಲದಿದ್ದರೂ ಅದನ್ನು ದೋಣಿ ಎಂದು ಕರೆಯುವವರಿದ್ದರು. ಕುಪ್ಪಿ ಅವರಲ್ಲೊಬ್ಬಳಲ್ಲ.

"ಹೊಳೆಯಮ್ಮಾ, ಒಂದು ದಿಮ್ಮಿ ಕೊಡು," ಎಂದಳು. "ಉದ್ದದ್ದು, ನೆಟ್ಟಗಿನದು."

"ಬಂದರೆ ಬರುತ್ತದೆ. ನಾನೇನು ಅಂಗಡಿ ಇಟ್ಟಿದ್ದೇನಾ?" ಎಂದಿತು ಹೊಳೆ.

ಕುಪ್ಪಿ ದಡ ಹುಡುಕಿದಳು. ಒಂದು ಕೊಂಬೆ ಸಿಕ್ಕಿತು, ಸೌದೆಗೆ ಸರಿ. ಒಂದು ಬೇರು ಸಿಕ್ಕಿತು, ಹಾವಿನ ಹಾಗೆ ಸೊಟ್ಟ. ಆಕಾಶ ಕಪ್ಪಾಗುತ್ತಾ ಬಂತು. ಆಮೇಲೆ ಕುದುರಿನ ತುದಿಯಲ್ಲಿ ಅವಳು ಅದನ್ನು ಕಂಡಳು.

ಎಂಥ ದಿಮ್ಮಿ! ಉದ್ದ, ದಪ್ಪ, ನೆಟ್ಟಗೆ. ನೀರಲ್ಲಿ ನೆನೆದು ಸಿಪ್ಪೆಯೆಲ್ಲ ಕಳಚಿಹೋದಂತೆ ನುಣುಪು.

"ಅಣ್ಣಾ! ಹಗ್ಗ ತಾ! ಓಡು!"

ಇಡೀ ಕುದುರು ಓಡಿ ಬಂತು. ಎಲ್ಲರಿಗಿಂತ ಮುಂದೆ ದುರ್ಗಜ್ಜಿ, ಕೈಯಲ್ಲಿ ಸುಣ್ಣದ ಕರಟ. ಸಿಕ್ಕಿದ ದಿಮ್ಮಿಗೆ ಅಜ್ಜಿ ಸುಣ್ಣದ ಬೊಟ್ಟಿಡುವುದು ಅಲ್ಲಿನ ಪದ್ಧತಿ. ಬೊಟ್ಟಿಟ್ಟ ಮೇಲೆ ಅದು ದಿಮ್ಮಿ. ಅದರ ಬಗ್ಗೆ ಯಾರೂ ಅನುಮಾನದ ಮಾತಾಡುವಂತಿಲ್ಲ. ಆಡಿದರೆ ಹಲಗೆ ಬಿರಿಯುತ್ತದಂತೆ.

ಅಜ್ಜಿ ಬೊಟ್ಟಿಟ್ಟಳು. ಎಲ್ಲರೂ "ಐಸಾ! ಐಸಾ!" ಎಂದು ಎಳೆದರು.

"ಅಜ್ಜಿ, ಇದು ಮೆತ್ತಗಿದೆ," ಎಂದಳು ಕುಪ್ಪಿ.

"ನೀರು ಕುಡಿದಿದೆ."

"ಮೀನಿನ ವಾಸನೆ ಬರುತ್ತಿದೆ."

"ಹೊಳೆಯಲ್ಲಿದ್ದದ್ದು ಮತ್ತೇನು, ಮಲ್ಲಿಗೆ ವಾಸನೆ ಬರಬೇಕಾ?"

"ಅಜ್ಜಿ, ಇದು ಉಸಿರಾಡುತ್ತಿದೆ!"

"ಬಾಯಿ ಮುಚ್ಚು ಹುಡುಗಿ! ಬೊಟ್ಟಿಟ್ಟಾಗಿದೆ. ಹಲಗೆ ಬಿರಿದರೆ ನಿನ್ನನ್ನೇ ತಳಕ್ಕೆ ಹಾಸುತ್ತೇನೆ."

ದಿಮ್ಮಿಯನ್ನು ತೊಲೆಗಳ ಮೇಲೇರಿಸಿದರು. ಬೀರ ಮಸಿ ಹಚ್ಚಿದ ನೂಲು ಎಳೆದು, ಉದ್ದಕ್ಕೆ ಗೆರೆ ಹೊಡೆದ. ಕುಪ್ಪಿ ಗುಂಡಿಗಿಳಿದಳು. ಮೊದಲ ಮಳೆಹನಿ ಅವಳ ಮೂಗಿನ ಮೇಲೆ ಬಿತ್ತು.

"ಎಳಿ, ತಂಗಿ!"

ಅವಳು ಎಳೆದಳು. ಕರ್ರ್!

"ಅಯ್ಯಯ್ಯೋ! ಯಾರೋ ಅದು?" ಎಂದು ದಿಮ್ಮಿ ಕೂಗಿತು.

ಅದು ಮೊಸಳೆ. ಹೊಟ್ಟೆ ಬಿರಿಯೆ ತಿಂದು ಗಾಢವಾಗಿ ನಿದ್ದೆ ಹೋಗಿತ್ತು. ಈಗ ಹಾರಿತು, ಹೊರಳಿತು, ಬಾಲ ಬೀಸಿತು. ಬೀರ ಹುಲ್ಲಿನ ರಾಶಿಗೆ ಬಿದ್ದ. ಜನ ದಿಕ್ಕಾಪಾಲಾದರು. ಪದ್ಧತಿಯ ಬಗ್ಗೆ ಯಾರೂ ಮಾತಾಡಲಿಲ್ಲ. ಗರಗಸ ಮಾತ್ರ ಮೊಸಳೆಯ ಬೆನ್ನಿಗೆ ಕಚ್ಚಿಕೊಂಡೇ ಇತ್ತು.

"ತೆಗೀರಿ! ಇದನ್ನು ತೆಗೀರಿ!"

ಕುಪ್ಪಿ ಗುಂಡಿಯಿಂದ ತಲೆ ಎತ್ತಿದಳು. ಮೊಸಳೆಯ ಬಾಯಿ ಅವಳ ಗುಡಿಸಲಿನ ಬಾಗಿಲಿನಷ್ಟು ಅಗಲವಾಗಿತ್ತು. ಹೊಳೆ ಮೆಟ್ಟಿಲು ಮೆಟ್ಟಿಲಾಗಿ ಮರಳನ್ನು ಹತ್ತುತ್ತಿತ್ತು.

"ತೆಗೀತೇನೆ ಮಾರಾಯಾ," ಎಂದಳು. "ನಮಗೆ ನಿಜವಾದ ದಿಮ್ಮಿ ತಂದುಕೊಡುತ್ತೀಯಾ? ಇಲ್ಲದಿದ್ದರೆ ಎಲ್ಲರೂ ಮುಳುಗುತ್ತೇವೆ."

"ನನ್ನ ಬೆನ್ನು ಕೊಯ್ದವರು ಮುಳುಗಿದರೆ ನನಗೇನು?"

"ಮುಳುಗಿದವರು ಗರಗಸ ತೆಗೆಯೋದಿಲ್ಲ."

ಮೊಸಳೆ ಯೋಚಿಸಿತು. ಉತ್ತರ ಸರಿಯಾಗಿಯೇ ಇತ್ತು.

ಕುಪ್ಪಿ ಗುಂಡಿಯಿಂದ ಹತ್ತಿ ಬಂದು, ಅದರ ಬೆನ್ನ ಮೇಲೆ ಕಾಲೊತ್ತಿ, ಗರಗಸ ಹಿಡಿದು ಜಗ್ಗಿದಳು. ಗರಗಸ ಬಂತು, ಅರ್ಧ ಹಲ್ಲುಗಳು ಬರಲಿಲ್ಲ. ಅವು ಬೆನ್ನಿನುದ್ದಕ್ಕೂ, ಬಾಲದ ತುದಿಯವರೆಗೂ ಸಾಲಾಗಿ ನಿಂತುಬಿಟ್ಟವು. ಸುತ್ತಲಿನ ಚರ್ಮ ತೊಗಟೆಯಂತೆ ಗಂಟುಗಂಟಾಯಿತು.

"ಹೇಗೆ ಕಾಣುತ್ತೇನೆ?"

"ಗಂಭೀರವಾಗಿ," ಎಂದಳು ಕುಪ್ಪಿ. ಅವಸರದಲ್ಲಿ ಅದಕ್ಕಿಂತ ಒಳ್ಳೆಯ ಮಾತು ಹೊಳೆಯಲಿಲ್ಲ.

ಮೊಸಳೆ ನೀರಿಗಿಳಿದು ಮಾಯವಾಯಿತು. ನೀರು ಏರಿತು. ಗುಡಿಸಲು ಮುಟ್ಟಿತು. ಮಿಲ್ಲಿನ ಗುಂಡಿಗೂ ನುಗ್ಗಿತು. "ಬರೋದಿಲ್ಲ ಅದು, ಹೋಯಿತು!" ಎಂದು ಅಜ್ಜಿ ಅಳತೊಡಗಿದಳು.

"ಬಂತು! ಬಂತು!" ಎಂದು ಗಾಳಿ ಕೂಗಿತು.

ಮಳೆಯ ಪರದೆಯೊಳಗಿಂದ, ಪಕ್ಕಪಕ್ಕದಲ್ಲಿ, ಎರಡು ದಿಮ್ಮಿಗಳು ತೇಲಿ ಬಂದವು. ಎರಡಕ್ಕೂ ಒರಟು ತೊಗಟೆ. ಎರಡೂ ಉದ್ದ, ಎರಡೂ ನೆಟ್ಟಗೆ. ಅಜ್ಜಿ ಸುಣ್ಣದ ಕರಟ ಹಿಡಿದು, ಹತ್ತಿರದ್ದರ ಕಡೆಗೆ ಹೊರಟಳು. ಬೀರ ಹಗ್ಗ ಬೀಸಿದ.

"ಅಣ್ಣಾ, ಅದಲ್ಲ! ಆಚೆಯದು!"

"ನಿನಗೆ ಹೇಗೆ ಗೊತ್ತು?"

"ನಾನು ನೋಡಿದೆ!"

ಹಾಗೆ ನೋಡುವುದನ್ನು ಕುದುರಿನಲ್ಲಿ ಅದುವರೆಗೆ ಯಾರೂ ಮಾಡಿರಲಿಲ್ಲ. ಹಗ್ಗ ಆಚೆಯದಕ್ಕೆ ಬಿತ್ತು. ಗುಂಡಿಯಲ್ಲಿ ಎದೆಮಟ್ಟ ನೀರು, ಗರಗಸಕ್ಕೆ ಅರ್ಧವೇ ಹಲ್ಲು. ಆದರೂ ಕುಪ್ಪಿ ಎಳೆದಳು, ಬೀರ ಎಳೆದ, ಹಲಗೆ ಬಂತು. ದೋಣಿಗೆ ತಳ ಬಂತು. ಕುದುರು ಮುಳುಗುವಾಗ ಅದರ ಮೇಲೆ ಯಾರೂ ಇರಲಿಲ್ಲ.

ಅಂದಿನಿಂದ ಮೊಸಳೆಯ ಬೆನ್ನ ಮೇಲೆ ತೊಗಟೆಯ ಗಂಟುಗಳಿವೆ, ಬಾಲದ ಮೇಲೆ ಗರಗಸದ ಹಲ್ಲುಗಳಿವೆ. ನೀವೂ ಇವತ್ತು ಹೊಳೆದಂಡೆಯಲ್ಲಿ ನಿಂತರೆ ಅದನ್ನು ದಿಮ್ಮಿ ಎಂದೇ ತಿಳಿಯುತ್ತೀರಿ. ಸ್ವಲ್ಪ ಹೊತ್ತು ಸುಮ್ಮನೆ ನೋಡಿ.

ದಿಮ್ಮಿ ಕಣ್ಣು ಮಿಟುಕಿಸುವುದಿಲ್ಲ.