ಅನುಮತಿ ಇಲ್ಲ

ಮಲಪ್ರಭೆಯ ದಡದಲ್ಲೊಂದು ಆಶ್ರಮ. ಅಲ್ಲಿ ನೀಲಾಂಬಿಕೆ ತಾಯಿ ಎಂಬ ಗುರು ಇದ್ದರು. ದೀಕ್ಷೆಗೆ ಮುಂಚೆ ಅವರು ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವರು.

ಯಾರಿಗೂ ಹೇಳಿಕೊಳ್ಳಲಾಗದ್ದನ್ನು ಜನ ತಾಯಿಗೆ ಬರೆಯುತ್ತಿದ್ದರು. ಆ ಪತ್ರಗಳೆಲ್ಲ ಆಶ್ರಮದ ಒಂದು ಲಿನಕ್ಸ್ ಕಂಪ್ಯೂಟರ್ ಯಂತ್ರದಲ್ಲಿದ್ದವು.

ಯಂತ್ರವನ್ನು ನೋಡಿಕೊಳ್ಳುತ್ತಿದ್ದವನು ಶಿಷ್ಯ ನಿರುಪಾದಿ. ನದಿಯಾಚೆಯ ಶಾಖೆಯಲ್ಲಿ ಕುಳಿತು, ಪಾಸ್‌ವರ್ಡಿನ ಬದಲು ತನ್ನ ಲ್ಯಾಪ್‌ಟಾಪಿನಲ್ಲಿದ್ದ ‘ಗುಪ್ತ ಕೀಲಿ’ ಎಂಬ ಫೈಲಿನಿಂದ ದೂರದಿಂದಲೇ ಲಾಗಿನ್ ಆಗುತ್ತಿದ್ದ. ಪತ್ರಗಳನ್ನು ಮಾತ್ರ ಅವನೂ ಓದುತ್ತಿರಲಿಲ್ಲ.

ಒಂದು ಬೆಳಗ್ಗೆ ಯಂತ್ರ ಅವನನ್ನು ಒಳಗೆ ಬಿಡಲಿಲ್ಲ. ‘ಅನುಮತಿ ಇಲ್ಲ’ ಎಂದಿತು.

ಅವನು ದೋಣಿ ಹತ್ತಿ ಬಂದು ಯಂತ್ರದ ಮುಂದೆಯೇ ಕುಳಿತ. ಮಧ್ಯಾಹ್ನದವರೆಗೆ ಹುಡುಕಿದ. ಕೀಲಿ ಸರಿಯಾಗಿತ್ತು. ಕಾರಣ ಸಿಗಲಿಲ್ಲ.

ಕೊನೆಗೆ ಕೀಲಿ ಇಲ್ಲದಿದ್ದರೂ ಬರೀ ಪಾಸ್‌ವರ್ಡಿನಿಂದ ಒಳಗೆ ಬರಲಾಗುವಂತೆ ಯಂತ್ರವನ್ನು ಬದಲಿಸಿದ. ಸುಲಭದ ಪಾಸ್‌ವರ್ಡೊಂದನ್ನು ಇಟ್ಟ. ಶಾಖೆಗೆ ಮರಳಿ ನೋಡಿದರೆ ಲಾಗಿನ್ ಆಯಿತು. ನಿರಾಳನಾದ.

ಮರುದಿನ ಯಂತ್ರದ ದಾಖಲೆ ನೋಡಿದ. ಯಾರೋ ನಾಲ್ಕು ಸಾವಿರ ಸಲ ಪಾಸ್‌ವರ್ಡ್ ಊಹಿಸಿ ಸೋತಿದ್ದರು. ಆಮೇಲಿನ ಸಾಲಿನಲ್ಲಿ ಗೆದ್ದಿದ್ದರು.

ನಿರುಪಾದಿ ಕೂಡಲೇ ದೋಣಿ ಹತ್ತಿ ತಾಯಿಯ ಬಳಿಗೆ ಬಂದ.

"ತಾಯಿ, ಯಾರೋ ಒಳಗೆ ಬಂದುಹೋಗಿದ್ದಾರೆ."

ತಾಯಿ ಎದ್ದು ಹೋಗಿ ಮೊದಲು ಇಂಟರ್ನೆಟ್ಟಿನ ತಂತಿ ಕಿತ್ತರು. ಆಮೇಲೆ ಕೇಳಿದರು.

"ಎಷ್ಟು ಹೊತ್ತು ಇದ್ದರು?"

"ಇಪ್ಪತ್ತು ನಿಮಿಷ."

"ಪತ್ರಗಳು?"

"ಎಲ್ಲವನ್ನೂ ನಕಲು ಮಾಡಿಕೊಂಡಿದ್ದಾರೆ."



ತಾಯಿ ತಾವೇ ಕೀಬೋರ್ಡ್ ಎಳೆದುಕೊಂಡರು. ಎರಡೇ ನಿಮಿಷ ನೋಡಿದರು.

"ಮೊನ್ನೆ ಈ ಯಂತ್ರದಲ್ಲಿರುವ ನಿನ್ನ ಫೋಲ್ಡರಿಗೆ ಏನು ಮಾಡಿದೆ?"

"ಶಾಖೆಯವರು ಅದರಲ್ಲಿ ಫೈಲು ಹಾಕಲಾಗುತ್ತಿಲ್ಲ ಎಂದರು. ಎಲ್ಲರೂ ಬರೆಯುವಂತೆ ತೆರೆದಿಟ್ಟೆ."

"ನಿನ್ನ ಕೀಲಿ ನಿಜವೇ ಎಂದು ಯಂತ್ರ ಹೋಲಿಸಿ ನೋಡುವ ಗುರುತು ಇರುವುದೂ ಆ ಫೋಲ್ಡರಿನಲ್ಲೇ. ಅದನ್ನು ಈಗ ಯಾರು ಬೇಕಾದರೂ ಬದಲಿಸಬಹುದು. ಅದಕ್ಕೇ ಯಂತ್ರ ನಿನ್ನ ಕೀಲಿಯನ್ನು ನಂಬಲಿಲ್ಲ."

"ಹಾಗಾದರೆ ಯಂತ್ರ ಕೆಟ್ಟಿರಲಿಲ್ಲವೆ?"

"ಕಾಯುತ್ತಿತ್ತು. ನೀನು ಕಾವಲನ್ನೇ ಕಳಚಿದೆ."

ನಿರುಪಾದಿ ನೆಲ ನೋಡಿದ. "ನನಗೇನು ಶಿಕ್ಷೆ, ತಾಯಿ?"

ತಾಯಿ ತಮ್ಮ ನೋಟುಪುಸ್ತಕವನ್ನೂ ಫೋನನ್ನೂ ಅವನ ಮುಂದಿಟ್ಟರು. ಪುಸ್ತಕದಲ್ಲಿ ಪತ್ರ ಬರೆದ ಅರವತ್ತಮೂರು ಜನರ ಹೆಸರು, ನಂಬರು.

"ಪೊಲೀಸರಿಗೆ ನಾನು ತಿಳಿಸುತ್ತೇನೆ. ಬರೆದವರಿಗೆ ನೀನು ತಿಳಿಸು."

"ಏನೆಂದು ಹೇಳಲಿ?"

"ನಡೆದದ್ದನ್ನು."

ಮೊದಲು ಸಿಕ್ಕವರು ಒಬ್ಬ ನಿವೃತ್ತ ಮೇಷ್ಟ್ರು. ಅವನು ನಡೆದದ್ದನ್ನೆಲ್ಲ ಹೇಳಿ ಮುಗಿಸಿದ.

"ನಾ ಬರೆದದ್ದು ನನ್ನ ಹೆಂಡತಿಗೂ ಗೊತ್ತಿಲ್ಲ, ತಮ್ಮಾ," ಎಂದರು. ಫೋನಿಟ್ಟರು.

ಒಬ್ಬ ಹೆಂಗಸು ಅವನ ಹೆಸರು ಕೇಳಿದಳು. ಹೇಳಿದ. "ನೆನಪಿಟ್ಟಿರ್ತೀನಿ," ಎಂದಳು.

ಒಬ್ಬಳು ಅತ್ತಳು. ಇನ್ನೊಬ್ಬರು, "ನಿನ್ನ ಊಟ ಆಯ್ತೇನಪ್ಪಾ?" ಎಂದು ಕೇಳಿದರು. ಅವನಿಗೆ ಅದೇ ಹೆಚ್ಚು ಕಷ್ಟವಾಯಿತು.

ಮೂರನೆಯ ದಿನ ಕೊನೆಯ ಪುಟ ತಿರುವಿದ. ಕೊನೆಯ ನಂಬರಿನ ಅರ್ಧ ಒತ್ತಿದ್ದ. ಉಳಿದದ್ದನ್ನು ಬೆರಳುಗಳು ಪುಸ್ತಕ ನೋಡದೆಯೇ ಒತ್ತಿದವು.

ಅವನು ಫೋನು ಕೆಳಗಿಟ್ಟ. ಹೆಸರು ಓದಿದ. ಎದ್ದು ತಾಯಿಯ ಬಳಿಗೆ ನಡೆದು ಪುಸ್ತಕವನ್ನು ಅವರ ಕೈಗಿಟ್ಟ.

"ಇದು ನಮ್ಮವ್ವನ ನಂಬರು."

"ಹೌದು."

"ಅವಳೂ ನಿಮಗೆ ಬರೆದಿದ್ದಳೆ?"

"ಬರೆದಿದ್ದಳು."



"ಏನು ಬರೆದಿದ್ದಳು, ತಾಯಿ?"

ತಾಯಿ ಪುಸ್ತಕವನ್ನು ಅವನ ಕೈಗೇ ಮರಳಿ ಕೊಟ್ಟರು.

"ಮೊನ್ನೆಯವರೆಗೆ ಅದು ಅವಳಿಗೂ ನನಗೂ ಮಾತ್ರ ಗೊತ್ತಿತ್ತು."