ಬಳೆ ವ್ಯಾಪಾರಿಯ ಲೆಕ್ಕದ ಪೆಟ್ಟಿಗೆ

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಕಾಲು ಚಾಚಿಕೊಂಡರೂ ಪರವಾಗಿಲ್ಲ, ನಡುವೆ ಎದ್ದೆದ್ದು ಮಾತ್ರ ಓಡಬೇಡಿ. ದೊಡ್ಡ ಕತೆಯೇನಲ್ಲ ಇದು. ಒಬ್ಬ ಶಿಷ್ಯ ಒಂದು ಪ್ರಶ್ನೆ ಕೇಳಿದ, ಅದಕ್ಕೆ ಗುರುಗಳು ಒಂದು ಕತೆ ಹೇಳಿದರು, ಅಷ್ಟೇ.

"ಮೇಷ್ಟ್ರೇ, ಕಡಿಮೆ ಬೆಲೆಯ ಯಂತ್ರಗಳಲ್ಲಿ ಯಾವುದನ್ನು ಕೊಳ್ಳಲಿ?"

ಹೀಗೆ ಕೇಳಿದವನು ಶ್ರೀಪಾದ. ಕೇಳಿಸಿಕೊಂಡವರು ಚೆಂಗಪ್ಪ ಮೇಷ್ಟ್ರು. ಗಾಲ್ಫ್ ಆಟ ಕಲಿಸುತ್ತಾ ಮುದುಕರಾದವರು ಅವರು. ಶ್ರೀಪಾದ ಚಿಕ್ಕವನಿದ್ದಾಗ ಅವರ ಹತ್ತಿರವೇ ಕೋಲು ಹಿಡಿಯಲು ಕಲಿತವನು. ಈಗ ಅವನ ಮಗ ಆಡುತ್ತಾನೆ. ಮಗನಿಗಾಗಿ ಮನೆಯ ಕಾರ್ ಶೆಡ್ಡಿನಲ್ಲೇ ಆಟದ ಏರ್ಪಾಡು ಮಾಡಬೇಕೆಂದು ಅವನ ಆಸೆ. ಸಿಮ್ಯುಲೇಟರ್ ಅನ್ನುತ್ತಾರೆ ಅದಕ್ಕೆ. ಎದುರಿಗೆ ದಪ್ಪ ಪರದೆ ಕಟ್ಟುತ್ತಾರೆ. ಪರದೆಯ ಮೇಲೆ ಮೈದಾನದ ಚಿತ್ರ ಬೀಳುತ್ತದೆ. ಹುಡುಗ ಚೆಂಡನ್ನು ಆ ಪರದೆಗೇ ಹೊಡೆಯುತ್ತಾನೆ. ಬಯಲಿನಲ್ಲಾಗಿದ್ದರೆ ಆ ಚೆಂಡು ಎಷ್ಟು ದೂರ ಹೋಗುತ್ತಿತ್ತು, ಯಾವ ಕಡೆಗೆ ಹೋಗುತ್ತಿತ್ತು ಎಂದು ಒಂದು ಪುಟ್ಟ ಪೆಟ್ಟಿಗೆ ಲೆಕ್ಕ ಹೇಳುತ್ತದೆ. ಆ ಪೆಟ್ಟಿಗೆಗೆ ಲಾಂಚ್ ಮಾನಿಟರ್ ಅಂತ ಹೆಸರು. ಶ್ರೀಪಾದ ಕೇಳಿದ್ದು ಆ ಪೆಟ್ಟಿಗೆಯ ವಿಷಯವನ್ನೇ.

ಈ ಪ್ರಶ್ನೆಯನ್ನು ಮೇಷ್ಟ್ರಿಗೆ ಎಷ್ಟೋ ತಂದೆಯರು ಕೇಳಿದ್ದರು. ಉತ್ತರ ಹೇಳಿ ಹೇಳಿ ಅವರಿಗೆ ಸಾಕಾಗಿತ್ತು. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಒಬ್ಬ ಬಳೆ ವ್ಯಾಪಾರಿ ಇದ್ದ, ಅವನ ವಿಷಯ ಹೇಳ್ತೀನಿ ಕೇಳು" ಅಂದರು.

ಬಳೆ ವ್ಯಾಪಾರಿಗೆ ಒಬ್ಬಳೇ ಮಗಳು. ಶಾಲೆಯಲ್ಲಿ ಗಾಲ್ಫ್ ಕಲಿತಳು. ಬೇರೆ ಮಕ್ಕಳು ಬಿಟ್ಟರು, ಅವಳು ಬಿಡಲಿಲ್ಲ. ರಾಜ್ಯದ ತಂಡಕ್ಕೆ ಹುಡುಗಿಯರನ್ನು ಆರಿಸುತ್ತಾರೆ ಎಂದು ಗೊತ್ತಾಯಿತು. ಆಯ್ಕೆಯಾದವರಿಗೆ ಮುಂದಿನ ತರಬೇತಿಯೆಲ್ಲ ಪುಕ್ಕಟೆ. ಆಯ್ಕೆಯಾಗದಿದ್ದರೆ ಆಟ ಅಲ್ಲಿಗೇ ನಿಲ್ಲುತ್ತಿತ್ತು. ದಿನವೂ ಮೈದಾನಕ್ಕೆ ಕಳಿಸುವ ಶಕ್ತಿ ತಂದೆಗೆ ಇರಲಿಲ್ಲ. ಅದಕ್ಕೇ ಅಂಗಡಿಯ ಹಿಂದಿನ ಗೋದಾಮನ್ನು ಖಾಲಿ ಮಾಡಿಸಿ ಪರದೆ ಕಟ್ಟಿಸಿದ. ಆಮೇಲೆ ಪೆಟ್ಟಿಗೆ ಹುಡುಕಲು ಹೊರಟ.

ಅವನು ಮೂರ್ಖನಲ್ಲ. ದುಬಾರಿ ಪೆಟ್ಟಿಗೆಗಳ ಕಡೆ ತಿರುಗಿಯೂ ನೋಡಲಿಲ್ಲ. ಅಗ್ಗದ್ದರಲ್ಲಿ ಎರಡು ಬಗೆ ಇದ್ದವು. ಒಂದನ್ನು ಆಡುವವರ ಬೆನ್ನ ಹಿಂದೆ ದೂರದಲ್ಲಿ ಇಡಬೇಕು. ಹಾರುವ ಚೆಂಡನ್ನು ಅದು ಹಿಂದಿನಿಂದ ನೋಡುತ್ತದೆ. ಅದಕ್ಕೆ ಉದ್ದನೆಯ ಜಾಗ ಬೇಕು. ಇನ್ನೊಂದನ್ನು ಚೆಂಡಿನ ಪಕ್ಕದಲ್ಲೇ ಇಡಬೇಕು. ಹೊಡೆದ ಕ್ಷಣದಲ್ಲಿ ಅದು ಚೆಂಡಿನ ಚಿತ್ರ ಹಿಡಿಯುತ್ತದೆ. ಅದಕ್ಕೆ ಒಳ್ಳೆಯ ಬೆಳಕು ಬೇಕು, ಚುಕ್ಕೆ ಅಂಟಿಸಿದ ಚೆಂಡು ಬೇಕು. ಗೋದಾಮಿಗೆ ಅಷ್ಟು ಉದ್ದ ಇರಲಿಲ್ಲ. ಆದ್ದರಿಂದ ಪಕ್ಕದಲ್ಲಿಡುವ ಪೆಟ್ಟಿಗೆಯನ್ನೇ ಆರಿಸಿದ. ಅದನ್ನೂ ಕಣ್ಣು ಮುಚ್ಚಿ ನಂಬಲಿಲ್ಲ. ಬಯಲಿಗೆ ಒಯ್ದು, ಮಗಳ ಕೈಯಲ್ಲಿ ಹೊಡೆಸಿ, ಚೆಂಡು ಬಿದ್ದ ಜಾಗದವರೆಗೆ ಟೇಪು ಹಿಡಿದು ಅಳೆದ. ಪೆಟ್ಟಿಗೆ ಹೇಳಿದ ದೂರವೂ ಟೇಪಿನ ದೂರವೂ ಒಂದೇ ಆಯಿತು.

"ನೋಡು, ಸತ್ಯವಂತ ಸಿಕ್ಕ ನಮಗೆ" ಎಂದು ಮಗಳಿಗೆ ಹೇಳಿದ.

ಪೆಟ್ಟಿಗೆ ಕೊಂಡ ಮೇಲೆ ಕೈಯಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಮಗಳು ನಿಂತು ಹೊಡೆಯುವ ಜಾಗಕ್ಕೆ ಒಂದು ಹುಲ್ಲಿನ ಹಾಸು ಬೇಕಿತ್ತು. ದಪ್ಪನೆಯದು ದುಬಾರಿ. ತೆಳ್ಳಗಿನದೊಂದನ್ನು ತಂದು ಸಿಮೆಂಟು ನೆಲದ ಮೇಲೆ ಹಾಸಿದ. ಹಾಸಿನ ವಿಷಯದಲ್ಲಿ ಅವನು ಯಾರನ್ನೂ ಕೇಳಲಿಲ್ಲ. ಹಾಸು ತಾನೇ ಅಂದುಕೊಂಡ.

ದಿನವೂ ಸಂಜೆ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಗೋದಾಮಿಗೆ ಬರುತ್ತಿದ್ದ. ಮಗಳು ಹೊಡೆಯುತ್ತಿದ್ದಳು. ಅವನು ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅಂಕಿ ಓದುತ್ತಿದ್ದ. ಅಂಕಿ ಏರುತ್ತಾ ಹೋಯಿತು. ತಂದೆ ಮಗಳು ಇಬ್ಬರ ಊಟದ ಮಾತೂ ಅಂಕಿಯದೇ ಆಯಿತು.

ಮಳೆಗಾಲ ಹಿಡಿಯಿತು. ಅಂಕಿ ಇಳಿಯತೊಡಗಿತು. ಒಂದೇ ಸಲಕ್ಕೆ ಅಲ್ಲ. ದಿನಕ್ಕೆ ಒಂದಿಷ್ಟು.

"ಅಪ್ಪಾಜಿ, ನಿನ್ನೆಗಿಂತ ಕಡಿಮೆ ತೋರಿಸ್ತಾ ಇದೆ."

"ತೋರಿಸದೇ ಏನು ಮಾಡುತ್ತೆ? ಅಗ್ಗದ ಮಾಲು, ತನ್ನ ಬುದ್ಧಿ ತೋರಿಸ್ತು. ತಡಿ, ಅದರ ಕಣ್ಣು ಒರೆಸ್ತೀನಿ. ಹ್ಞಾ, ಈಗ ಹೊಡಿ."

ಅವಳು ಹೊಡೆದಳು. ಅಂಕಿ ಏರಲಿಲ್ಲ. ಚೆಂಡಿನ ಚುಕ್ಕೆ ಕಿತ್ತು ಹೊಸದನ್ನು ಅಂಟಿಸಿದ. "ಈಗ ಹೊಡಿ" ಅಂದ. ದೀಪ ಬದಲಾಯಿಸಿದ. "ಈಗೊಂದು ಹೊಡಿ." ಗಾರೆ ಕೆಲಸದವರ ಮಟ್ಟಗೋಲು ತಂದು ಪೆಟ್ಟಿಗೆಯ ಕೆಳಗೆ ರಟ್ಟು ಕೊಟ್ಟು ಮಟ್ಟ ಮಾಡಿದ. "ಇನ್ನೊಂದೇ ಒಂದು ಹೊಡಿಯಮ್ಮ, ಸರಿಹೋಯ್ತಾ ನೋಡೋಣ." ಹೀಗೆ ಪೆಟ್ಟಿಗೆಯನ್ನು ಪರೀಕ್ಷೆ ಮಾಡುವುದಕ್ಕೇ ಮಗಳು ಮೊದಲಿಗಿಂತ ಹೆಚ್ಚು ಹೊಡೆಯುವ ಹಾಗಾಯಿತು.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಹಬ್ಬಕ್ಕೆ ದೇವರ ಸಾಮಾನು ತೊಳಿರಿ ಅಂದ್ರೆ ಸೊಂಟ ನೋವು ನಿಮಗೆ. ಅದರ ಮೂತಿ ಮಾತ್ರ ಎಷ್ಟು ಚೆನ್ನಾಗಿ ಒರೆಸ್ತೀರಿ!" ಅಂದಳು. ಮಗಳು ನಕ್ಕಳು. ತಂದೆ ನಗಲಿಲ್ಲ.

ಪೆಟ್ಟಿಗೆಯನ್ನು ಮಾರಿದವನ ಅಂಗಡಿಗೇ ತಗೊಂಡು ಹೋದ. ಅಂಗಡಿಯವನು ತಾನೇ ಕೋಲು ಹಿಡಿದು ಹೊಡೆದು ನೋಡಿದ. ಇದಕ್ಕೇನೂ ಆಗಿಲ್ಲ ಸ್ವಾಮಿ ಅಂದ. ವ್ಯಾಪಾರಿಗೆ ಸಿಟ್ಟು ಬಂತು. "ನಿಮ್ಮ ಅಂಗಡೀಲಿ ಎಲ್ಲಾ ಸರಿಯಾಗೇ ಇರುತ್ತೆ, ನಮ್ಮನೆಗೆ ಬಂದ ಮೇಲೆ ಕೆಡುತ್ತೆ. ನಾನೂ ವ್ಯಾಪಾರಿನೇ, ನನಗೇ ಹೇಳ್ತೀರಾ?" ಎಂದು ಜಗಳವಾಡಿ ಬಂದ.

ಆಯ್ಕೆಯ ದಿನ ಹತ್ತಿರ ಬಂತು. ಅದರ ಹಿಂದಿನ ದಿನವೇ ಗೌರಿ ಹಬ್ಬ ಬಿತ್ತು.

ಈಗ ಇದನ್ನು ಕೇಳು. ಆ ಮನುಷ್ಯ ಹೊಟ್ಟೆ ಹೊರೆದದ್ದು ಹೆಂಗಸರ ಕೈಗೆ ಬಳೆ ತೊಡಿಸಿ. ಗಾಜಿನ ಬಳೆ ತೊಡಿಸುವುದೆಂದರೆ ತುರುಕುವುದಲ್ಲ. ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಮೆತ್ತಗೆ ಅದುಮಿ, ಮೂಳೆ ಎಲ್ಲಿ ಬಾಗುತ್ತದೆ ಎಂದು ತಿಳಿದು, ಮಾತಾಡಿಸುತ್ತಾ ಜಾರಿಸಬೇಕು. ಬಸುರಿಯರ ಕೈ ಊದಿರುವುದು, ಬಾಣಂತಿಯರ ಕೈ ಸೊರಗಿರುವುದು, ಎಲ್ಲ ಅವನ ಬೆರಳಿಗೆ ತಿಳಿಯುತ್ತಿತ್ತು. ಅಂಥವನು ತನ್ನ ಮಗಳ ಕೈಯನ್ನು ಮುಟ್ಟಿ ಬಹಳ ಕಾಲವಾಗಿತ್ತು. ಆಟಕ್ಕೆ ಅಡ್ಡಿ ಎಂದು ಅವಳು ಬಳೆ ತೊಡುವುದನ್ನು ಬಿಟ್ಟಿದ್ದಳು.

ಹಬ್ಬದ ದಿನ ತಾಯಿ ಬಿಡಲಿಲ್ಲ. "ಇವತ್ತೊಂದು ದಿನ ಬೋಳುಗೈ ಬೇಡ" ಅಂದಳು. ಮಗಳು ಬಲಗೈ ಕೊಟ್ಟಳು. ತಂದೆ ಹಸಿರು ಬಳೆ ತೊಡಿಸಿದ. ಎಡಗೈ ಕೇಳಿದ.

"ಒಂದು ಕೈಗೆ ಸಾಕು ಅಪ್ಪಾಜಿ."

"ಒಂದು ಕೈಗೆ ಬಳೆ ತೊಟ್ಟರೆ ನೋಡಿದವರು ನಗ್ತಾರೆ, ಬಳೆಗಾರನಿಗೆ ಬಳೆ ಸಾಲಲಿಲ್ಲ ಅಂತ. ಕೊಡು."

ಅವಳು ಕೊಟ್ಟಳು. ಅವನು ಎಂದಿನಂತೆ ಅದುಮಿದ. ಹುಡುಗಿ ಕೂಗಿಕೊಂಡಳು. ಅವನು ಕೈ ಬಿಡಲಿಲ್ಲ. ಮೆತ್ತಗೆ ತಿರುಗಿಸಿ ನೋಡಿದ. ಮಣಿಕಟ್ಟು ಊದಿತ್ತು, ಬಿಸಿಯಾಗಿತ್ತು.

"ಯಾವಾಗಿಂದ?"

"ಮಳೆ ಶುರುವಾದಾಗಿಂದ."

"ಹೇಳೋದಲ್ವಾ ಮಗಳೇ?"

"ನೀವು ಪೆಟ್ಟಿಗೆ ಕೆಟ್ಟಿದೆ ಅಂದ್ರಿ. ನನಗೂ ಅದೇ ನಿಜ ಆಗಲಿ ಅನ್ನಿಸ್ತು. ನನ್ನ ಕೈ ಕೆಟ್ಟಿದೆ ಅಂದ್ರೆ ನಾಳೆ ಹೋಗೋ ಹಾಗೇ ಇರ್ಲಿಲ್ಲ."

ತಂದೆ ಬಳೆಯನ್ನು ಕೆಳಗಿಟ್ಟ. ಹಬ್ಬದ ದಿನವೇ ವೈದ್ಯರ ಹತ್ತಿರ ಕರೆದುಕೊಂಡು ಹೋದ. ವೈದ್ಯರು ಕೈ ನೋಡಿದರು, ಎಲ್ಲಿ ಆಡುತ್ತೀಯಮ್ಮ ಎಂದು ಕೇಳಿದರು. ತೆಳು ಹಾಸು, ಕೆಳಗೆ ಸಿಮೆಂಟು ಎಂದಳು. ಅದೇ ಕಾರಣ ಅಂದರು ವೈದ್ಯರು. ಮೈದಾನದಲ್ಲಾದರೆ ಕೋಲು ಮಣ್ಣಿಗೆ ತಾಗಿದರೂ ಮಣ್ಣು ಜಾಗ ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ. ಪ್ರತಿ ಏಟೂ ಕೋಲಿನ ಮೂಲಕ ಹತ್ತಿ ಮಣಿಕಟ್ಟಿಗೆ ಬಂದು ಕೂತಿತ್ತು. ಒಳಗಿನ ನಾರು ಹರಿದಿತ್ತು. ಆರಂಭದಲ್ಲೇ ಆಟ ನಿಲ್ಲಿಸಿದ್ದರೆ ವಿಶ್ರಾಂತಿಯಲ್ಲೇ ಮಾಗುತ್ತಿತ್ತು, ಈಗ ಆಪರೇಷನ್ ಮಾಡಬೇಕು ಅಂದರು.

ಮಾರನೆಯ ದಿನ ಆಯ್ಕೆ ನಡೆಯಿತು. ಹುಡುಗಿ ಹೋಗಲಿಲ್ಲ. ತಂದೆ ಒಬ್ಬನೇ ಗೋದಾಮಿಗೆ ಹೋಗಿ ದೀಪ ಹಾಕಿದ. ಮಗಳ ಕೋಲನ್ನು ತೆಗೆದುಕೊಂಡು ತನಗೆ ಬಂದ ಹಾಗೆ ಒಂದು ಚೆಂಡು ಹೊಡೆದ. ಸೊಟ್ಟಗೆ ಹೋಯಿತು. ಸೊಟ್ಟಗೆ ಹೋಯಿತೆಂದು ಪೆಟ್ಟಿಗೆ ಸರಿಯಾಗಿಯೇ ಹೇಳಿತು.

ಮೇಷ್ಟ್ರು ಕತೆ ನಿಲ್ಲಿಸಿದರು. ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡರು.

ಶ್ರೀಪಾದ ಲೊಚಗುಟ್ಟಿದ. ಪಾಪ ಅಂದ. ಹಾಸು ಮಾತ್ರ ದಪ್ಪನೆಯದೇ ತರುತ್ತೇನೆ ಅಂದ. ಆಮೇಲೆ ಕೇಳಿದ: "ಅಷ್ಟು ಸರಿಯಾಗಿ ಲೆಕ್ಕ ಹೇಳ್ತಿತ್ತು ಅಂದ್ರೆ, ಅದು ಯಾವ ಕಂಪನೀದು ಮೇಷ್ಟ್ರೇ?"

ಮೇಷ್ಟ್ರು ಅವನನ್ನು ನೋಡಿದರು. ಸಿಟ್ಟು ಮಾಡಿಕೊಳ್ಳಲಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಅವರಲ್ಲಿ ಇರಲಿಲ್ಲ.

"ನೋವಾದರೆ ನಿನ್ನ ಮಗ ನಿನಗೆ ಹೇಳ್ತಾನೇನಪ್ಪಾ?" ಅಂದರು.

ಶ್ರೀಪಾದ ಎದ್ದು ಚಪ್ಪಲಿ ಮೆಟ್ಟಿಕೊಂಡ.

ಆಮೇಲೆ ಯಾರು ಯಾರು ಏನಾದರು ಅಂತ ಕೇಳದೆ ನೀವು ಏಳೋರಲ್ಲ, ನನಗೆ ಗೊತ್ತು. ಹೇಳಿಬಿಡ್ತೀನಿ.

ಆ ಪೆಟ್ಟಿಗೆಯನ್ನು ಬೇರೆ ಯಾರೋ ಕೊಂಡರು. ಅಲ್ಲಿಯೂ ಅದು ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದೆ. ಬಳೆ ವ್ಯಾಪಾರಿ ಗೋದಾಮಿನಲ್ಲಿ ಮತ್ತೆ ಸರಕು ತುಂಬಿಸಿದ. ಪೆಟ್ಟಿಗೆ ಮಾರಿದವನ ಅಂಗಡಿಗೆ ಹೋಗಿ, ಅವತ್ತು ಬಾಯಿಗೆ ಬಂದದ್ದು ಆಡಿದೆ, ಮನಸ್ಸಿನಲ್ಲಿ ಇಟ್ಕೋಬೇಡಿ ಎಂದು ಹೇಳಿ ಬಂದ. ಮೇಷ್ಟ್ರು ಕಲಿಸುವುದನ್ನು ಬಿಟ್ಟು ತಂಗಿಯ ಊರಿಗೆ ಹೋದರು. ಶ್ರೀಪಾದ ಮನೆಗೆ ಹೋಗಿ ಮಗನ ಪಕ್ಕದಲ್ಲಿ ಕೂತ. ಏನು ಕೇಳಬೇಕೆಂದು ತಿಳಿಯದೆ ಊಟ ಆಯ್ತಾ ಎಂದು ಕೇಳಿದ. ಆಯ್ತು ಅಂದ ಹುಡುಗ. ಮೊದಲ ದಿನ ಅಷ್ಟೇ ಆದದ್ದು.

ಹುಡುಗಿಯ ಕೈ ಮಾಗಿತು, ಮೊದಲಿನ ಹಾಗಾಗಲಿಲ್ಲ. ತಂಡದ ಆಸೆ ಬಿಟ್ಟಳು, ಆಟ ಬಿಡಲಿಲ್ಲ. ಈಗಲೂ ಆಗೊಮ್ಮೆ ಈಗೊಮ್ಮೆ ಮೈದಾನಕ್ಕೆ ಹೋಗುತ್ತಾಳೆ. ಚೆಂಡು ಬಹಳ ದೂರವೇನೂ ಹೋಗುವುದಿಲ್ಲ. ಕೈ ನೋಯತೊಡಗಿದರೆ ಜೊತೆಯವರಿಗೆ ಹೇಳಿ, ಕೋಲನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬರುತ್ತಾಳೆ.